ಮನೆ ಬಾಡಿಗೆಗಿದೆ, ಬೆಕ್ಕಿಗಲ್ಲ

ಫಳ್ನೀರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಆ ಪ್ರಶ್ನೆಗಳೆಲ್ಲ ಬಾಯಿಪಾಠವಾಗಿರುತ್ತವೆ. ಎಷ್ಟು ಜನ? ಮದುವೆಯಾಗಿದೆಯೇ? ಮೀನು ಮಾಂಸ ಉಂಟೋ? ರಾತ್ರಿ ಎಷ್ಟು ಹೊತ್ತಿಗೆ ಬರುವುದು? ಎಲ್ಲಕ್ಕೂ ಸಮಾಧಾನದ ಉತ್ತರ ಕೊಟ್ಟು, ಇನ್ನೇನು ಕೀಲಿಕೈ ಸಿಕ್ಕಿತು ಎನ್ನುವಷ್ಟರಲ್ಲಿ ಬಾಗಿಲ ಬಳಿ ನಿಂತು ಕೇಳುವ ಕೊನೆಯ ಪ್ರಶ್ನೆಯೊಂದಿದೆ: ನಾಯಿ ಬೆಕ್ಕು ಏನೂ ಇಲ್ಲವಲ್ಲ?

ಕಳೆದ ಮಳೆಗಾಲದಲ್ಲಿ ಗೆಳತಿಯೊಬ್ಬಳ ಜೊತೆ ಹತ್ತು ದಿನಗಳಲ್ಲಿ ಹನ್ನೊಂದು ಮನೆ ನೋಡಿದೆ. ಆಕೆ ಆಸ್ಪತ್ರೆಯೊಂದರಲ್ಲಿ ದಾದಿ. ತಂದೆ ತೀರಿಕೊಂಡ ಮೇಲೆ ನಿದ್ದೆ ಹೋಗಿತ್ತು, ಊಟ ಸೇರುತ್ತಿರಲಿಲ್ಲ, ಕೆಲಸ ಬಿಟ್ಟುಬಿಡುವ ಹಂತಕ್ಕೆ ಬಂದಿದ್ದಳು. ಮನೋವೈದ್ಯರ ಔಷಧಿ ನಡೆಯುತ್ತಿದ್ದಾಗಲೇ ಮಳೆಯಲ್ಲಿ ನೆನೆದ ಬೆಕ್ಕಿನ ಮರಿಯೊಂದು ಅವಳ ಕೋಣೆ ಸೇರಿತು. ಅದಕ್ಕೆ ಹಾಲಿಡಬೇಕೆಂಬ ಕಾರಣಕ್ಕೆ ಬೆಳಿಗ್ಗೆ ಏಳತೊಡಗಿದಳು. ವೈದ್ಯರು ಇದನ್ನು ಗಮನಿಸಿ, ಬೆಕ್ಕನ್ನು ಬಿಡಬೇಡಿ ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಆದರೆ ಅವಳಿದ್ದ ಫ್ಲ್ಯಾಟಿನ ನೆರೆಯವರು ದೂರು ಕೊಟ್ಟಿದ್ದರು. ತಿಂಗಳೊಳಗೆ ಬೆಕ್ಕು ಹೋಗಬೇಕು, ಇಲ್ಲವೇ ಅವಳು ಹೋಗಬೇಕು ಎಂದು ಮಾಲೀಕರು ಹೇಳಿಯಾಗಿತ್ತು.

ಒಂಬತ್ತನೆಯ ಮನೆಯಲ್ಲಿ ಆಕೆ ಧೈರ್ಯ ಮಾಡಿ ಆ ಚೀಟಿ ತೋರಿಸಿದಳು. ಮನೆಯ ಯಜಮಾನರು ಕನ್ನಡಕ ಹಾಕಿಕೊಂಡು ಎರಡೂ ಮಗ್ಗುಲು ತಿರುಗಿಸಿ ಓದಿ, ‘ಇದು ನಿಮಗೋ, ಬೆಕ್ಕಿಗೋ?’ ಎಂದು ಕೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆ ಚೀಟಿಗೆ ಬೆಲೆ ಉಂಟೇ ಇಲ್ಲವೇ ಎಂಬುದು ಅಂದು ನನಗೂ ಗೊತ್ತಿರಲಿಲ್ಲ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಹೆಂಚಿನ ಮನೆಯಿಂದ ಮೂರನೆಯ ಮಹಡಿಗೆ

ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚಿನ ಮಗ್ಗುಲಿನಿಂದ ಹೊರಟು ಕಂಕನಾಡಿಯತ್ತ ಸಾಗುವ ಫಳ್ನೀರ್ ರಸ್ತೆಯಲ್ಲಿ ಒಂದು ಕಾಲಕ್ಕೆ ಸಾಕುಪ್ರಾಣಿಯ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಹೆಂಚಿನ ಮನೆ, ಸುತ್ತ ತೋಟ, ಕೆಂಪುಕಲ್ಲಿನ ಪಾಗಾರ. ನಾಯಿ ಅಂಗಳದ್ದು, ಬೆಕ್ಕು ಅಟ್ಟದ್ದು. ಹೆಂಚಿನ ಮಾಡಿದ್ದಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಬೆಕ್ಕು ಬೇಕಾಗುತ್ತದೆ. ಯಾರೂ ಬೆಕ್ಕನ್ನು ‘ಸಾಕುತ್ತಿದ್ದೇನೆ’ ಎಂದು ಹೇಳಿಕೊಳ್ಳುತ್ತಿರಲಿಲ್ಲ, ಅದು ಮನೆಯಲ್ಲಿ ಇರುತ್ತಿತ್ತು, ಅಷ್ಟೇ. ನಾಯಿಯೂ ಹಾಗೆಯೇ. ಅದಕ್ಕೆ ಅನ್ನ ಉಂಟು, ಹೆಸರುಂಟು, ಜಗಲಿ ದಾಟುವ ಹಕ್ಕು ಮಾತ್ರ ಇಲ್ಲ.

ಆ ಪಾಗಾರಗಳು ಒಂದೊಂದಾಗಿ ಉರುಳಿ ಅಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಸುತ್ತಮುತ್ತಲೆಲ್ಲ ಆಸ್ಪತ್ರೆಗಳು. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಶುರುಮಾಡಿದ ಚಿಕ್ಕ ಔಷಧಾಲಯ ಇಂದು ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಹೀಗಾಗಿ ಬಾಡಿಗೆಗೆ ಬರುವವರಲ್ಲಿ ವಿದ್ಯಾರ್ಥಿಗಳು, ದಾದಿಯರು, ಊರು ಬಿಟ್ಟು ಒಂಟಿಯಾಗಿ ಬಂದ ಚಿಕ್ಕ ವಯಸ್ಸಿನವರು ಬಹಳ. ಮಾಲೀಕರು ಎಷ್ಟೋ ಸಲ ದುಬಾಯಿಯಲ್ಲೋ ಕುವೈತಿನಲ್ಲೋ ಇರುತ್ತಾರೆ. ಕೀಲಿಕೈ ಇರುವುದು ಅವರ ಭಾವನ ಕೈಯಲ್ಲಿ. ಭಾವನಿಗೆ ‘ಇಲ್ಲ’ ಎನ್ನುವ ಅಧಿಕಾರ ಇರುತ್ತದೆ, ‘ಆಗಲಿ’ ಎನ್ನುವ ಅಧಿಕಾರ ಇರುವುದಿಲ್ಲ. ಒಂಟಿತನ ಅತ್ಯಂತ ಹೆಚ್ಚಿರುವ ಮನೆಗಳಲ್ಲೇ ಪ್ರಾಣಿಗೆ ಜಾಗ ಅತ್ಯಂತ ಕಡಿಮೆ.

ಪ್ರಾಣಿಯನ್ನು ಹಚ್ಚಿಕೊಳ್ಳುವುದೇ ಪಶ್ಚಿಮದಿಂದ ಬಂದ ಶೋಕಿ ಎನ್ನುವವರಿದ್ದಾರೆ. ಮನೆ ತೋರಿಸಿದ ದಲ್ಲಾಳಿಯೊಬ್ಬರು ನನಗೂ ಹಾಗೆಂದರು. ಅವರಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ತೋರಿಸಬೇಕು. ಕ್ರಿ.ಶ. 949-50ರ ಆ ಶಾಸನದಲ್ಲಿ ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಬೇಕಾದುದನ್ನು ಕೇಳು ಎನ್ನುತ್ತಾನೆ. ಮಣಲೆರ ಕೇಳಿದ್ದು ಊರನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನೆಟ್ಟು, ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ‘ನಾಯಿ ಇದ್ದವರಿಗೆ ಮನೆಯಿಲ್ಲ’ ಎಂಬ ಮಾತಂತೂ ಮಹಾಭಾರತದಷ್ಟು ಹಳೆಯದು. ಮಹಾಪ್ರಸ್ಥಾನ ಪರ್ವದಲ್ಲಿ ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದುಹೋದ ಮೇಲೆ ಧರ್ಮರಾಯನ ಜೊತೆ ಉಳಿಯುವುದು ಒಂದು ನಾಯಿ. ಇಂದ್ರ ರಥ ತಂದು, ನೀನು ಬಾ, ಆದರೆ ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ನೆಲೆಯಿಲ್ಲ ಎನ್ನುತ್ತಾನೆ. ನಂಬಿ ಬಂದುದನ್ನು ಬಿಟ್ಟು ಬರಲಾರೆ ಎಂದು ಧರ್ಮರಾಯ ಹಟ ಹಿಡಿಯುತ್ತಾನೆ. ಕೊನೆಗೆ ಆ ನಾಯಿ ಸಾಕ್ಷಾತ್ ಧರ್ಮದೇವತೆಯಾಗಿ ನಿಲ್ಲುತ್ತದೆ. (ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಗದುಗಿನ ಭಾರತದಲ್ಲಿ ಈ ಪ್ರಸಂಗವಿಲ್ಲ.) ಬಾಡಿಗೆದಾರರ ಕಡೆಯಿಂದ ನೋಡಿದರೆ ಇಂದ್ರನೇ ಮೊದಲ ಕಟ್ಟುನಿಟ್ಟಿನ ಮನೆ ಮಾಲೀಕ.

ಚೀಟಿ ಬಂದದ್ದು ಎಲ್ಲಿಂದ?

ಪ್ರಾಣಿಯ ಮೇಲಿನ ಪ್ರೀತಿ ಹಳೆಯದು. ಅದಕ್ಕೆ ವೈದ್ಯರ ಚೀಟಿ ಬರೆಸಿ ಮನೆ ಮಾಲೀಕರ ಮುಂದಿಡುವುದು ಮಾತ್ರ ಹೊಸತು, ಅದು ಬಂದದ್ದು ಅಮೆರಿಕದಿಂದ. ಅಲ್ಲಿ ಇದಕ್ಕೆ ‘ಇಮೋಷನಲ್ ಸಪೋರ್ಟ್ ಅನಿಮಲ್’ ಎನ್ನುತ್ತಾರೆ. ನಾವು ‘ಆಸರೆಯ ಪ್ರಾಣಿ’ ಎನ್ನೋಣ. ಕುರುಡರನ್ನು ಕೈಹಿಡಿದು ನಡೆಸುವ ನಾಯಿ ಬೇರೆ, ಇದು ಬೇರೆ. ಮಾರ್ಗದರ್ಶಿ ನಾಯಿಗೆ ತಿಂಗಳುಗಟ್ಟಲೆ ತರಬೇತಿ ಇರುತ್ತದೆ, ಅದು ಒಂದು ನಿರ್ದಿಷ್ಟ ಕೆಲಸ ಮಾಡುತ್ತದೆ. ಆಸರೆಯ ಪ್ರಾಣಿಗೆ ತರಬೇತಿ ಬೇಡ, ಅದು ಜೊತೆಗಿರುವುದೇ ಅದರ ಕೆಲಸ.

ಬೋರಿಸ್ ಲೆವಿನ್ಸನ್ ಎಂಬ ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ತನ್ನ ನಾಯಿ ಜಿಂಗಲ್ಸ್ ಕೋಣೆಯಲ್ಲಿದ್ದಾಗ ಮಾತೇ ಆಡದ ಮಗು ತೆರೆದುಕೊಂಡಿತೆಂದು ಕಂಡುಕೊಂಡ. ನಾಯಿಯನ್ನು ಸಹಚಿಕಿತ್ಸಕ ಎಂದು ಕರೆದು 1962ರಲ್ಲಿ ಆತ ಬರೆದ ಲೇಖನವನ್ನು ಆಗ ನಗೆಯಾಡಿದವರೇ ಹೆಚ್ಚು. 1980ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ 92 ಮಂದಿಯನ್ನು ಒಂದು ವರ್ಷದ ನಂತರ ವಿಚಾರಿಸಿದ ವರದಿ ಹೊರಬಂತು. ಮನೆಯಲ್ಲಿ ಪ್ರಾಣಿ ಇದ್ದ 53 ಮಂದಿಯಲ್ಲಿ ಸತ್ತವರು 3. ಇಲ್ಲದ 39 ಮಂದಿಯಲ್ಲಿ ಸತ್ತವರು 11. ಇದನ್ನು ಓದಿ ನಾಳೆಯೇ ನಾಯಿ ತರಲು ಓಡಬೇಕಾಗಿಲ್ಲ. ನಾಯಿ ಸಾಕುವಷ್ಟು ಗಟ್ಟಿಯಾಗಿದ್ದವರೇ ಬದುಕಿದರೋ, ನಾಯಿಯಿಂದಾಗಿ ಬದುಕಿದರೋ ಎಂಬುದನ್ನು ಇಷ್ಟರಿಂದ ಹೇಳಲಾಗದು, ಮುಂದಿನ ಸಂಶೋಧನೆಗಳೂ ಒಂದೇ ದಿಕ್ಕಿಗೆ ಹೋಗಿಲ್ಲ. ಖಿನ್ನತೆಗೆ ಬೆಕ್ಕೇ ಮದ್ದು ಎಂದು ಯಾವ ಜವಾಬ್ದಾರಿಯುತ ವೈದ್ಯರೂ ಹೇಳುವುದಿಲ್ಲ. ಆದರೆ ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ ಸಿಕ್ಕುವುದು ಎಷ್ಟು ದೊಡ್ಡದೆಂಬುದು ಏಳಲಾಗದೆ ಮಲಗಿದವರಿಗೇ ಗೊತ್ತು.

ಇದು ಮನೆಬಾಡಿಗೆಯ ಪ್ರಶ್ನೆಯಾದದ್ದು 1981ರಲ್ಲಿ. ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯ ಸರ್ಕಾರಿ ವಸತಿಯಲ್ಲಿ ಪ್ರಾಣಿ ಸಾಕುವುದಕ್ಕೆ ನಿಷೇಧವಿತ್ತು. ಮಾನಸಿಕ ತೊಂದರೆಯಿದ್ದ ಮಹಿಳೆಯೊಬ್ಬರು ಚಿಕ್ಕ ಪೂಡಲ್ ನಾಯಿ ಸಾಕಿದ್ದರು. ಅದಿಲ್ಲದೆ ಬದುಕು ನಡೆಯದು ಎಂಬುದು ಅವರ ವಾದ. ಕೆಳಗಿನ ನ್ಯಾಯಾಲಯ ವಸತಿ ಪ್ರಾಧಿಕಾರದ ಪರ ನಿಂತಿತು. ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ನಿಯಮವನ್ನು ಈಕೆಗಾಗಿ ಸ್ವಲ್ಪ ಸಡಿಲಿಸಿದರೆ ನಿಮಗೆ ಆಗುವ ಕಷ್ಟವೇನೆಂದು ವಿಚಾರಣೆ ನಡೆಯಬೇಕು ಎಂದಿತು. ಇದಾಗಿ ಏಳು ವರ್ಷಕ್ಕೆ, 1988ರಲ್ಲಿ, ಅಲ್ಲಿನ ನ್ಯಾಯಯುತ ವಸತಿ ಕಾಯ್ದೆಗೆ ತಿದ್ದುಪಡಿಯಾಗಿ ಅಂಗವಿಕಲರಿಗೆ ‘ಸಮಂಜಸ ಹೊಂದಾಣಿಕೆ’ ನಿರಾಕರಿಸುವುದು ತಾರತಮ್ಯವೆಂದಾಯಿತು. ಪ್ರಾಣಿ ನಿಷೇಧವಿರುವ ಖಾಸಗಿ ಬಾಡಿಗೆ ಮನೆಯಲ್ಲೂ ಆಸರೆಯ ಪ್ರಾಣಿಗೆ ಜಾಗ ಕೇಳಲು ದಾರಿ ತೆರೆದದ್ದು ಹೀಗೆ.

ದಾರಿ ತೆರೆದ ಮೇಲೆ ಅದರಲ್ಲಿ ಅಂಗಡಿಗಳೂ ಹುಟ್ಟಿಕೊಂಡವು. ದುಡ್ಡು ಕೊಟ್ಟರೆ ವೈದ್ಯರನ್ನು ಕಾಣದೆಯೇ ಪ್ರಮಾಣಪತ್ರ. 2018ರಲ್ಲಿ ಒಬ್ಬರು ನವಿಲನ್ನೇ ಆಸರೆಯ ಪ್ರಾಣಿಯೆಂದು ನ್ಯೂಯಾರ್ಕ್ ಸಮೀಪದ ನ್ಯೂವರ್ಕ್ ವಿಮಾನ ನಿಲ್ದಾಣಕ್ಕೆ ತಂದು, ವಿಮಾನ ಕಂಪೆನಿ ಹತ್ತಿಸಲು ಒಪ್ಪದೆ ದೊಡ್ಡ ಸುದ್ದಿಯಾಯಿತು. 2020ರ ಕೊನೆಗೆ ಅಮೆರಿಕ ಸರ್ಕಾರ ವಿಮಾನಗಳಲ್ಲಿ ಇಂಥ ಪ್ರಾಣಿಗಳಿಗಿದ್ದ ರಿಯಾಯಿತಿಯನ್ನು ತೆಗೆದುಹಾಕಿತು. ಅದೇ ವರ್ಷ ವಸತಿ ಇಲಾಖೆಯೂ, ಇಂಟರ್‌ನೆಟ್‌ನಲ್ಲಿ ಕೊಂಡ ಪ್ರಮಾಣಪತ್ರವೊಂದೇ ಪುರಾವೆಯಾಗದು ಎಂದು ಎಚ್ಚರಿಸಿತು. ನಿಜವಾಗಿ ಬೇಕಾದವರ ಮಾತನ್ನು ಜನ ನಂಬದಂತೆ ಮಾಡಿದ್ದು ಈ ವ್ಯಾಪಾರ. ಅಂಥ ಪ್ರಮಾಣಪತ್ರ ಕೊಂಡು ತೋರಿಸಲು ಯೋಚಿಸಿರುವವರು ದುಡ್ಡು ಉಳಿಸಿಕೊಳ್ಳಲಿ: ಭಾರತದಲ್ಲಿ ಆಸರೆಯ ಪ್ರಾಣಿಗಳನ್ನು ನೋಂದಾಯಿಸುವ ಸರ್ಕಾರಿ ವ್ಯವಸ್ಥೆಯೇ ಇಲ್ಲ.

ನಮ್ಮ ಕಾನೂನಿನಲ್ಲಿ ಇರುವುದೇನು

ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಹುಮಹಡಿ ಕಟ್ಟಡದಲ್ಲಿ ‘ಬೇಡ’ ಎನ್ನುವವರು ಇಬ್ಬರು. ಒಬ್ಬರು ನಿವಾಸಿಗಳ ಸಂಘ, ಇನ್ನೊಬ್ಬರು ಫ್ಲ್ಯಾಟಿನ ಮಾಲೀಕ. ನಮ್ಮ ಕಾನೂನು ಮೊದಲನೆಯವರ ಬಾಯಿಯನ್ನು ಬಹುಮಟ್ಟಿಗೆ ಮುಚ್ಚಿಸಿದೆ. ಎರಡನೆಯವರನ್ನು ಮುಟ್ಟಿಲ್ಲ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯಲ್ಲಿ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಅದರ ಪ್ರಕಾರ ಬಹುಮತದ ಠರಾವು ಮಾಡಿದರೂ ಸಂಘ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ನಾಯಿ ದೊಡ್ಡದು, ಬೊಗಳುತ್ತದೆ ಎಂಬುದು ನಿಷೇಧಕ್ಕೆ ಕಾರಣವಾಗದು. ಲಿಫ್ಟ್ ಹತ್ತಬೇಡಿ ಎನ್ನುವಂತಿಲ್ಲ, ಹತ್ತಿದ್ದಕ್ಕೆ ಬೇರೆ ಶುಲ್ಕ ಕೇಳುವಂತಿಲ್ಲ. ಹೇಲು ತೆಗೆಯಿರಿ ಎಂದು ವಿನಂತಿಸಬಹುದು, ದಂಡ ಹಾಕಲು ಬರುವುದಿಲ್ಲ. (ಈ ಕೊನೆಯದರ ಬಗ್ಗೆ ನನ್ನ ಸಹಾನುಭೂತಿ ಸಂಘದವರ ಕಡೆಗೇ ಇದೆ.)

ನಮ್ಮ ನೆರೆಯ ಕೇರಳದಲ್ಲಿ ಮಾತು ಇನ್ನೂ ಗಟ್ಟಿಯಾಗಿದೆ. 2021ರ ನವೆಂಬರ್‌ನಲ್ಲಿ ಕೇರಳ ಹೈಕೋರ್ಟು, ಸಾಕುಪ್ರಾಣಿಗಳನ್ನು ನಿಷೇಧಿಸುವ ಸಂಘಗಳ ನಿಯಮಗಳು ಕಾನೂನುಬಾಹಿರ, ಅಂಥ ಫಲಕವನ್ನೂ ಹಾಕುವಂತಿಲ್ಲ ಎಂದು ತೀರ್ಪಿತ್ತಿತು. ಇತರರಿಗೆ ತೊಂದರೆಯಾಗದಂತೆ ನ್ಯಾಯವಾದ ಷರತ್ತು ಹಾಕಲು ಮಾತ್ರ ಅವಕಾಶ ಉಳಿಸಿತು. ಜೀವಿಗಳ ಬಗ್ಗೆ ಅನುಕಂಪವನ್ನು ಪ್ರತಿ ಪ್ರಜೆಯ ಕರ್ತವ್ಯವೆನ್ನುವ ಸಂವಿಧಾನದ 51ಎ(ಜಿ) ವಿಧಿ ಇದಕ್ಕೆ ಆಧಾರ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹಿಡಿದದ್ದೂ ಇದೇ ವಿಧಿಯನ್ನು. ಅದರ ಬಿಸಿ ನಮ್ಮ ಕಂಬಳಕ್ಕೂ ತಟ್ಟಿದ್ದು ಕರಾವಳಿಯವರಿಗೆ ಮರೆತಿರಲಾರದು. ಕೊರೊನಾ ದಿಗ್ಬಂಧನದ ವೇಳೆ, 2020ರ ಏಪ್ರಿಲ್‌ನಲ್ಲಿ, ತನ್ನ ಮೂರು ಬೆಕ್ಕುಗಳಿಗೆ ಬಿಸ್ಕತ್ತು ತರಲು ಪೊಲೀಸರು ಬಿಡುತ್ತಿಲ್ಲ ಎಂದು ದೂರಿದ ಕೊಚ್ಚಿಯ ಗೃಹಸ್ಥರೊಬ್ಬರಿಗೆ ಹೋಗಿಬರಲು ಅನುಮತಿ ಕೊಟ್ಟದ್ದೂ ಇದೇ ಹೈಕೋರ್ಟು. ಅಲ್ಲಿನ ತೀರ್ಪು ಕರ್ನಾಟಕದ ಮೇಲೆ ಬಂಧನಕಾರಿಯಲ್ಲ, ಆದರೆ ಇಲ್ಲಿನ ವಕೀಲರು ಅದನ್ನು ಮುಂದಿಟ್ಟು ವಾದಿಸಬಹುದು.

ಇಷ್ಟೆಲ್ಲ ಫ್ಲ್ಯಾಟ್ ಕೊಂಡವರಿಗೆ ಅನುಕೂಲ. ಬಾಡಿಗೆದಾರ ನಿಂತಿರುವುದು ಬೇರೆ ನೆಲದ ಮೇಲೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗೆ ಅನ್ವಯಿಸುವುದಿಲ್ಲ. ಆ ಮೊತ್ತಕ್ಕೆ ಇಂದು ಫಳ್ನೀರಿನಲ್ಲಿ ಫ್ಲ್ಯಾಟು ಸಿಗುವುದು ಕನಸಿನಲ್ಲಿ. ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಇಬ್ಬರೂ ಸಹಿ ಹಾಕಿದ ಕರಾರು. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲರೂ 11 ತಿಂಗಳಿಗೇ ಬರೆಯುತ್ತಾರೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆದಾರನನ್ನು ಬಿಡಿಸಲು 15 ದಿನಗಳ ನೋಟಿಸು ಸಾಕು. ಕರಾರಿನಲ್ಲಿ ‘ಪ್ರಾಣಿ ಸಾಕಕೂಡದು’ ಎಂದಿದ್ದರೆ ಮುಗಿಯಿತು. ಇಲ್ಲದಿದ್ದರೂ 11 ತಿಂಗಳು ಮುಗಿದ ದಿನ ಮಾಲೀಕರು ಕಾರಣವನ್ನೇ ಹೇಳಬೇಕಾಗಿಲ್ಲ.

ಹಾಗಾದರೆ ವೈದ್ಯರ ಚೀಟಿ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನು ತನ್ನ 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಅಮೆರಿಕದ ಕಾನೂನಿನಲ್ಲಿರುವಂಥದೇ ‘ಸಮಂಜಸ ಹೊಂದಾಣಿಕೆ’ ಎಂಬ ಮಾತೂ ಅದರಲ್ಲಿದೆ. ಬೀಜವಂತೂ ಬಿದ್ದಿದೆ ಎನ್ನಬಹುದು. ಆದರೆ ಆಸರೆಯ ಪ್ರಾಣಿಯ ಹೆಸರು ಆ ಕಾಯ್ದೆಯಲ್ಲಿಲ್ಲ, ಒಂದು ಫ್ಲ್ಯಾಟು ಬಾಡಿಗೆಗೆ ಕೊಡುವ ಖಾಸಗಿ ವ್ಯಕ್ತಿ ಬೆಕ್ಕನ್ನು ಒಪ್ಪಲೇಬೇಕೆಂದು ಅದು ಹೇಳುವುದಿಲ್ಲ. ಆದ್ದರಿಂದ ನನ್ನ ಗೆಳತಿಯ ಕೈಯಲ್ಲಿದ್ದುದು ವೈದ್ಯಕೀಯವಾಗಿ ಸತ್ಯವಾದ, ಕಾನೂನಿನಲ್ಲಿ ತೂಕವಿಲ್ಲದ ಕಾಗದ. ಇಂಗ್ಲೆಂಡಿನಲ್ಲಿ 2025ರಲ್ಲಿ ಅಂಗೀಕಾರವಾದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಕಾಯಿಲೆಯ ಚೀಟಿಯನ್ನೇ ಕೇಳುವುದಿಲ್ಲ. ಪ್ರಾಣಿ ಸಾಕಲು ಬಾಡಿಗೆದಾರ ಬರೆದು ಕೇಳಿದರೆ ಸಮಂಜಸ ಕಾರಣವಿಲ್ಲದೆ ಮಾಲೀಕ ನಿರಾಕರಿಸುವಂತಿಲ್ಲ ಎಂಬುದು ಅಲ್ಲಿನ ಏರ್ಪಾಡು. ಖಿನ್ನತೆಯ ಕಥೆಯನ್ನು ಅಪರಿಚಿತರ ಚಾವಡಿಯಲ್ಲಿ ಬಿಚ್ಚಿಡುವ ಕಷ್ಟ ತಪ್ಪುವುದರಿಂದ ನನಗೆ ಅದು ಹೆಚ್ಚು ಮರ್ಯಾದೆಯದೆನಿಸುತ್ತದೆ.

ಮಾಲೀಕರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ, ನ್ಯಾಯವಲ್ಲ. ಬಾಗಿಲು ಪರಚಿದ ಗುರುತು, ಮಳೆಗಾಲದಲ್ಲಿ ಗೋಡೆಗೆ ಹಿಡಿದು ಹೋಗದ ಮೂತ್ರದ ವಾಸನೆ, ಮುಂದಿನ ಬಾಡಿಗೆದಾರರ ಮಗುವಿಗೆ ಉಬ್ಬಸ, ಇವೆಲ್ಲ ಇರುವಂಥವೇ. ರೇಬಿಸ್‌ನ ಭಯವೂ ನಮ್ಮ ದೇಶದಲ್ಲಿ ಬರಿಯ ಕಲ್ಪನೆಯಲ್ಲ. ಒಬ್ಬ ಮಾಲೀಕರು ನಮಗೆ ತೋರಿಸಿದ ಮನೆಯಲ್ಲಿ ಹಿಂದಿನವರು ನಾಯಿಯನ್ನು ಬಾಲ್ಕನಿಯಲ್ಲೇ ಬಿಟ್ಟು ಊರಿಗೆ ಹೋಗಿದ್ದರಂತೆ. ಎರಡು ದಿನ ಅದು ಅತ್ತ ಅಳುವನ್ನು ಕೇಳಿದ ಮೇಲೆ ಇನ್ನು ಯಾವ ಪ್ರಾಣಿಯೂ ಬೇಡ ಎಂದು ಅವರು ನಿಶ್ಚಯಿಸಿದ್ದರು. ಆ ‘ಬೇಡ’ದಲ್ಲಿ ಇದ್ದುದು ಕಟುಕತನವಲ್ಲ.

ಮಾತು ಮುರಿದರೆ ಕೊನೆಗೆ ಬೀದಿಗೆ ಬೀಳುವುದು ಪ್ರಾಣಿಯೇ. ಹಸಿವು ಬಾಯಾರಿಕೆಗೆ ಸಿಲುಕುವಂತೆ ಸಾಕುಪ್ರಾಣಿಯನ್ನು ತೊರೆಯುವುದು 1960ರ ಕಾಯ್ದೆಯ 11ನೆಯ ಕಲಮಿನಡಿ ಅಪರಾಧ. ಮೊದಲ ಬಾರಿಗೆ ದಂಡ 10ರಿಂದ 50 ರೂಪಾಯಿ. ಫಳ್ನೀರಿನಿಂದ ಹಂಪನಕಟ್ಟೆಗೆ ಆಟೋದಲ್ಲಿ ಹೋಗಿ ಬರಲು ಈ ಮೊತ್ತ ಸಾಲದು.

ಕಾನೂನು ಕೈಕೊಟ್ಟಲ್ಲಿ ಕೆಲಸಕ್ಕೆ ಬರುವುದು ಕರಾರೇ. ಅದು ಇಬ್ಬರು ಒಪ್ಪಿ ಬರೆಯುವ ಕಾಗದವಾದ್ದರಿಂದ ಅದರಲ್ಲಿ ಏನನ್ನೂ ಸೇರಿಸಬಹುದು. ಯಾವ ಪ್ರಾಣಿ, ಎಷ್ಟು, ಲಸಿಕೆಯ ದಾಖಲೆ ವರ್ಷಕ್ಕೊಮ್ಮೆ ತೋರಿಸುವುದು, ಸಂತಾನಹರಣ ಆಗಿದೆಯೇ, ಬಿಡುವಾಗ ಬಾಗಿಲು ಗೋಡೆ ಸರಿಪಡಿಸಲು ಮುಂಗಡದಲ್ಲಿ ಎಷ್ಟು ಹಿಡಿಯುವುದು ಎಂದು ಮೊದಲೇ ಬರೆದುಕೊಂಡರೆ ಎರಡೂ ಕಡೆಯ ಅರ್ಧ ಭಯ ಕಾಗದಕ್ಕೆ ಇಳಿಯುತ್ತದೆ. ಬಚ್ಚಿಟ್ಟು ಸಾಕುವುದು ಮಾತ್ರ ಬೇಡ. ಬೆಕ್ಕು ಕಿಟಕಿಯಲ್ಲಿ ಕೂರದೆ ಇರುವುದಿಲ್ಲ, ಎದುರು ಮನೆಯವರು ಕಿಟಕಿ ನೋಡದೆ ಇರುವುದಿಲ್ಲ.

ಗೆಳತಿಗೆ ಮನೆ ಸಿಕ್ಕಿದ್ದು ಹನ್ನೊಂದನೆಯ ಯತ್ನದಲ್ಲಿ. ಫಳ್ನೀರಿನ ಒಳರಸ್ತೆಯೊಂದರಲ್ಲಿ ಇನ್ನೂ ಉರುಳದೆ ಉಳಿದ ಹೆಂಚಿನ ಮನೆಯ ಹಿಂದಿನ ಎರಡು ಕೋಣೆಗಳು. ಮನೆಯ ಒಡತಿಗೆ ಎಪ್ಪತ್ತು ದಾಟಿದೆ, ಮಕ್ಕಳು ಗಲ್ಫಿನಲ್ಲಿದ್ದಾರೆ. ವೈದ್ಯರ ಚೀಟಿಯನ್ನು ಅವರು ಓದಲೇ ಇಲ್ಲ. ‘ಇಲಿ ಹಿಡಿಯುತ್ತದೋ?’ ಎಂದಷ್ಟೇ ಕೇಳಿದರು. ಹಿಡಿಯುತ್ತದೆ ಎಂದು ಗೆಳತಿ ಸುಳ್ಳು ಹೇಳಿದಳು. 11 ತಿಂಗಳ ಕರಾರಿನ ಕೊನೆಗೆ ಅಜ್ಜಿ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು: ಬೆಕ್ಕು ಒಂದು ಮಾತ್ರ.